ಮೆಡಿಕಲ್ ಆಕ್ಸಿಜನ್ ಉಪಕರಣಕ್ಕೆ ಯಾವ ಗ್ರೀಸ್, ಯಾವ ಎಣ್ಣೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಟೆಕ್ನಿಶಿಯನ್‌ಗಳು, ಆಂಬುಲೆನ್ಸ್ ಓಡಿಸುವವರು, ಮನೆಯಲ್ಲಿ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ಕೊಡುವ ಮೆಷಿನ್) ಇಟ್ಟುಕೊಂಡ ಕುಟುಂಬದವರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಾ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ವರ್ಕ್‌ಶಾಪ್ ಮತ್ತು ಪ್ಲಾಂಟಿನ ವಿಷಯ ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿಕೊಂಡರೂ ಸಾಕು. ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿಯುವವರು ಮೊದಲ ಭಾಗ ಬಿಡಬೇಡಿ.

## ಮೊದಲು ತಿಳಿದಿರಬೇಕಾದದ್ದು

ಆಕ್ಸಿಜನ್ ತಾನಾಗಿ ಉರಿಯಲ್ಲ ಅಂತಾರೆ. ಹಾಗಿದ್ದ ಮೇಲೆ ಎಣ್ಣೆ ಅಂದ್ರೆ ಯಾಕಿಷ್ಟು ಭಯ?

ಆಕ್ಸಿಜನ್ ಉರಿಯುವುದಿಲ್ಲ, ನಿಜ. ಆದರೆ ಬೇರೆಯದನ್ನೆಲ್ಲ ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 21 ಭಾಗ ಮಾತ್ರ. ಸಿಲಿಂಡರಿನಲ್ಲಿ 99 ಭಾಗಕ್ಕೂ ಜಾಸ್ತಿ, ಅದೂ ತುಂಬಿದಾಗ ಸುಮಾರು 150 ಬಾರ್ ಒತ್ತಡದಲ್ಲಿ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು. ಹೊರಗೆ ಬೆಂಕಿಕಡ್ಡಿ ಹಿಡಿದರೂ ಸುಲಭವಾಗಿ ಹತ್ತಿಕೊಳ್ಳದ ಗ್ರೀಸು ಅಲ್ಲಿ ಕಡಿಮೆ ಶಾಖಕ್ಕೇ ಹತ್ತಿಕೊಳ್ಳುತ್ತದೆ. ಹತ್ತಿದ ಮೇಲೆ ನಿಧಾನಕ್ಕೆ ಉರಿಯುವುದೂ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಇಂಜಿನ್ ಆಯಿಲ್, ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ, ವ್ಯಾಸಲಿನ್, ತುಪ್ಪ ಎಲ್ಲವೂ ಈ ವಿಷಯದಲ್ಲಿ ಒಂದೇ ಜಾತಿ. ಎಲ್ಲದರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ, ಅಂದರೆ ಉರುವಲು.

ಬೆಂಕಿನೂ ಇಲ್ಲ, ಕಿಡಿನೂ ಇಲ್ಲ. ರೆಗ್ಯುಲೇಟರ್ ಒಳಗೆ ಶಾಖ ಎಲ್ಲಿಂದ ಬರುತ್ತೆ?

ವಾಲ್ವ್ ತಿರುಗಿಸುವ ನಿಮ್ಮ ಕೈಯಿಂದಲೇ ಬರುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒಮ್ಮೆಲೇ ಒತ್ತಿದರೆ ಅದು ಕಾಯುತ್ತದೆ. ಸಿಲಿಂಡರ್ ವಾಲ್ವನ್ನು ಪಟ್ಟನೆ ತೆರೆದಾಗ ರೆಗ್ಯುಲೇಟರಿನ (ಸಿಲಿಂಡರಿನ ಒತ್ತಡವನ್ನು ಇಳಿಸಿ ಕೊಡುವ ಭಾಗದ) ಬಾಯಲ್ಲಿ ಸುಮ್ನೆ ನಿಂತಿದ್ದ ಗಾಳಿಯ ಮೇಲೆ 150 ಬಾರ್ ಬಂದು ಗುದ್ದುತ್ತದೆ. ಶಾಖ ಹೊರಗೆ ಹೋಗಲು ಸಮಯವೇ ಸಿಗದಿದ್ದರೆ ಆ ಜಾಗದ ಅನಿಲ ಲೆಕ್ಕದ ಪ್ರಕಾರ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಜದಲ್ಲಿ ಅಷ್ಟು ಏರದಿರಬಹುದು. ಆದರೆ ಒತ್ತಡದ ಆಕ್ಸಿಜನ್ನಿನಲ್ಲಿ ಎಣ್ಣೆ ಹತ್ತಿಕೊಳ್ಳಲು ಅದಕ್ಕಿಂತ ಎಷ್ಟೋ ಕಡಿಮೆ ಶಾಖ ಸಾಕು.

ಮುಂದಿನದು ಸರಪಳಿ. ಮೊದಲು ಜಿಡ್ಡು ಹತ್ತುತ್ತದೆ. ಆ ಉರಿ ವಾಲ್ವಿನ ಪ್ಲಾಸ್ಟಿಕ್ ಸೀಟನ್ನೋ ಓ-ರಿಂಗನ್ನೋ (ಲೀಕ್ ತಡೆಯುವ ರಬ್ಬರ್ ಉಂಗುರ) ಹಿಡಿಯುತ್ತದೆ. ಅದರ ಶಾಖಕ್ಕೆ ಲೋಹವೇ ಉರಿಯಲು ಶುರುವಾಗುತ್ತದೆ. ಹಿತ್ತಾಳೆ ಇದಕ್ಕೆ ಚೆನ್ನಾಗಿ ತಡೆಯುತ್ತದೆ, ಅಲ್ಯೂಮಿನಿಯಂ ತಡೆಯುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಎಫ್‌ಡಿಎ ಸಂಸ್ಥೆ ಅಲ್ಯೂಮಿನಿಯಂ ರೆಗ್ಯುಲೇಟರ್‌ಗಳು ಹೊತ್ತಿ ಉರಿದ ಘಟನೆಗಳನ್ನು ಮುಂದಿಟ್ಟು ಎಚ್ಚರಿಕೆ ಹೊರಡಿಸಿದ್ದು ಇದೇ ಕಾರಣಕ್ಕೆ. ಕೊಳ್ಳುವಾಗ ಹೆಚ್ಚಿನ ಒತ್ತಡದ ಭಾಗ ಹಿತ್ತಾಳೆಯದೇ ಎಂದು ಕೇಳಿಕೊಳ್ಳಿ. ತೂಕ ಜಾಸ್ತಿ ಆದರೂ ಪರವಾಗಿಲ್ಲ.

ಹಾಗಾದ್ರೆ ಆಕ್ಸಿಜನ್ ಉಪಕರಣಕ್ಕೆ ಏನೂ ಹಚ್ಚಲೇಬಾರದಾ?

ಹತ್ತರಲ್ಲಿ ಒಂಬತ್ತು ಸಲ ಸರಿಯಾದ ಉತ್ತರ ಇದೇ: ಏನೂ ಹಚ್ಚಬೇಡಿ. ಈ ಉಪಕರಣಗಳನ್ನು ಮಾಡಿರುವುದೇ ಒಣಗಿ ಓಡುವ ಹಾಗೆ. ಬಳಸುವವರು ಮುಟ್ಟುವ ಯಾವ ಜಾಗಕ್ಕೂ, ಅಂದರೆ ಸಿಲಿಂಡರ್ ವಾಲ್ವ್, ರೆಗ್ಯುಲೇಟರ್ ನಟ್, ಹರಿವು ಅಳೆಯುವ ಫ್ಲೋಮೀಟರಿನ ಗುಂಡಿ, ಬಾಟಲಿಯ ಮುಚ್ಚಳ, ಯಾವುದಕ್ಕೂ ಎಣ್ಣೆ ಬೇಡ. ನಮ್ಮ ದೇಶದ ಗ್ಯಾಸ್ ಸಿಲಿಂಡರ್ ನಿಯಮಗಳೂ ವಾಲ್ವ್ ಮತ್ತು ಫಿಟ್ಟಿಂಗ್‌ಗಳಿಗೆ ಎಣ್ಣೆಯಾಗಲಿ ಅಂಥದ್ದೇ ಜಾರುಕವಾಗಲಿ ಹಚ್ಚಬಾರದು ಎಂದೇ ಹೇಳುತ್ತವೆ.

ಉಳಿದ ಒಂದು ಸಲ ಬರುವುದು ಒಳಗಿನ ಓ-ರಿಂಗ್, ವಾಲ್ವ್ ಸ್ಪಿಂಡಲ್‌ನಂಥ ಭಾಗಗಳನ್ನು ಬಿಚ್ಚಿ ಜೋಡಿಸುವಾಗ. ಅಲ್ಲಿಗೆ ಬೇರೆಯೇ ಗ್ರೀಸ್ ಇದೆ. ಅದನ್ನು ಹಚ್ಚುವ ಕೆಲಸ ತರಬೇತಿ ಆದವರದ್ದು.

ಸಿಲಿಂಡರ್ ವಾಲ್ವ್ ತುಂಬಾ ಬಿಗಿ. ಒಂದೇ ಒಂದು ಹನಿ ಮೆಷಿನ್ ಎಣ್ಣೆ ಬಿಟ್ರೆ ಏನಾಗುತ್ತೆ?

ದಯವಿಟ್ಟು ಬಿಡಬೇಡಿ. ಅಪಘಾತಕ್ಕೆ ಅರ್ಧ ಹನಿಯೂ ಜಾಸ್ತಿಯೇ. ಸುತ್ತಿಗೆಯಲ್ಲಿ ಬಡಿಯುವುದು, ಉದ್ದದ ಪೈಪ್ ಸಿಕ್ಕಿಸಿ ತಿರುಗಿಸುವುದೂ ಬೇಡ. ಸರಿಯಾದ ಕೀಲಿಯಿಂದ ಕೈಬಲಕ್ಕೆ ತಿರುಗದ ವಾಲ್ವ್ ಕೆಟ್ಟ ವಾಲ್ವ್. "ವಾಲ್ವ್ ಬಿಗಿ, ಬಳಸಬೇಡಿ" ಎಂದು ಚೀಟಿ ಕಟ್ಟಿ ತುಂಬಿಸಿಕೊಟ್ಟವರಿಗೇ ವಾಪಸ್ ಕಳಿಸಿ. ವಾಲ್ವ್ ಬಿಚ್ಚಿ ರಿಪೇರಿ ಮಾಡುವ ಅಧಿಕಾರವೂ ಸಲಕರಣೆಯೂ ಅವರ ಕಡೆ ಇರಬೇಕು, ನಿಮ್ಮ ಕಡೆ ಅಲ್ಲ.

ಡಬ್ಲ್ಯುಡಿ-40 ಎಣ್ಣೆ ಅಲ್ವಲ್ಲ, ಸ್ಪ್ರೇ ತಾನೇ? ಬೇಗ ಆರಿಹೋಗುತ್ತೆ ಕೂಡ.

ಅದರಲ್ಲಿರುವುದೂ ಪೆಟ್ರೋಲಿಯಂ ಮೂಲದ್ದೇ. ಆರಿಹೋಗುವುದು ತೆಳುವಾದ ಭಾಗ ಮಾತ್ರ, ಎಣ್ಣೆಯ ಪದರ ಅಲ್ಲೇ ಕೂರುತ್ತದೆ. ತುಕ್ಕು ಬಿಡಿಸುವ ಯಾವ ಸ್ಪ್ರೇಯೂ ಆಕ್ಸಿಜನ್ ಇರುವ ಕೋಣೆಯೊಳಗೇ ಬೇಡ. ಗಾಳಿಯಲ್ಲಿ ಹಾರುವ ಹನಿ ನೀವು ಗುರಿ ಇಟ್ಟ ಕಡೆಗೇ ಹೋಗಿ ಕೂರುವುದಿಲ್ಲ.

## ಮನೆಯಲ್ಲಿ ಆಕ್ಸಿಜನ್ ಬಳಸುವವರಿಗೆ

ಕಾನ್ಸಂಟ್ರೇಟರ್ ಜಾಸ್ತಿ ಸದ್ದು ಮಾಡ್ತಿದೆ. ಫ್ಯಾನಿಗೆ ಎಣ್ಣೆ ಬಿಡೋ ಹಾಗೆ ಇದಕ್ಕೂ ಬಿಡಬಹುದಾ?

ಬೇಡ. ಕಾನ್ಸಂಟ್ರೇಟರಿನ ಕಂಪ್ರೆಸರ್ ಎಣ್ಣೆಯಿಲ್ಲದೆ ಓಡುವಂಥದ್ದು. ಅದರ ಪಿಸ್ಟನ್ನಿನ ಸುತ್ತ ಇರುವುದು ಟೆಫ್ಲಾನ್ ಜಾತಿಯ ಉಂಗುರ, ಬೇರಿಂಗುಗಳು ಮುಚ್ಚಿದವು. ಒಳಗೆ ಬಿದ್ದ ಎಣ್ಣೆ ಜಿಯೋಲೈಟ್ ಕಾಳುಗಳಿಗೆ ಹೋಗಿ ಅಂಟುತ್ತದೆ. ಗಾಳಿಯಿಂದ ಸಾರಜನಕವನ್ನು ಹಿಡಿದಿಟ್ಟು ಆಕ್ಸಿಜನ್ ಬೇರೆ ಮಾಡುವುದು ಆ ಕಾಳುಗಳೇ. ಅವು ಹಾಳಾದರೆ ಮೆಷಿನ್ ಓಡುತ್ತಲೇ ಇರುತ್ತದೆ, ರೋಗಿಗೆ ಮಾತ್ರ ಸಾಕಷ್ಟು ಆಕ್ಸಿಜನ್ ಸಿಗುವುದಿಲ್ಲ.

ಸದ್ದಿಗೆ ಬೇರೆ ಕಾರಣ ಹುಡುಕಿ. ಗಾಳಿ ಎಳೆಯುವ ಕಡೆಯ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿದೆಯಾ? ಗೋಡೆಗೆ ಅಂಟಿಸಿ ಇಟ್ಟಿದ್ದೀರಾ? ಸ್ಪಂಜಿನ ಫಿಲ್ಟರ್ ಆದರೆ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಆಮೇಲೂ ಸದ್ದು ನಿಲ್ಲದಿದ್ದರೆ ಸರ್ವಿಸ್‌ನವರನ್ನು ಕರೆಸಿ, ಜೊತೆಗೆ ಆಕ್ಸಿಜನ್ ಶುದ್ಧತೆಯನ್ನೂ ಅಳೆಯಿಸಿ.

ಅಪ್ಪನಿಗೆ ಟ್ಯೂಬ್ ಹಾಕಿ ಮೂಗು ಒಣಗಿ ರಕ್ತ ಬರ್ತಿದೆ. ವ್ಯಾಸಲಿನ್ ಹಚ್ಚೋಣವಾ?

ವ್ಯಾಸಲಿನ್ ಬೇಡ, ತುಪ್ಪವೂ ಬೇಡ. ಮೂಗಿನ ಟ್ಯೂಬಿನಲ್ಲಿ ಸಿಲಿಂಡರಿನ ಒತ್ತಡ ಇಲ್ಲ, ನಿಜ. ಆದರೆ ಹತ್ತಿರದಲ್ಲಿ ಒಂದು ಕಿಡಿ ಬಂದರೆ ಆಕ್ಸಿಜನ್ನಿನಲ್ಲಿ ತೊಯ್ದ ಜಿಡ್ಡು ಮುಖದ ಮೇಲೇ ಉರಿಯುತ್ತದೆ. ನೀರು ಆಧಾರದ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದನ್ನು ತೆಳ್ಳಗೆ ಹಚ್ಚಿ. ಉಪ್ಪುನೀರಿನ ಮೂಗಿನ ಹನಿಯೂ ಆಗುತ್ತದೆ. ಆಕ್ಸಿಜನ್ನಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿಯಲ್ಲಿ ಡಿಸ್ಟಿಲ್ಡ್ ವಾಟರ್ ಗುರುತಿನ ಮಟ್ಟಕ್ಕೆ ಇದೆಯಾ ನೋಡಿ. ರಕ್ತ ಬರುವುದು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಹರಿವನ್ನು ನೀವಾಗಿಯೇ ಕಡಿಮೆ ಮಾಡಬೇಡಿ.

ಅಜ್ಜಿ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಕೋತಾರೆ, ಎದೆಗೆ ವಿಕ್ಸ್ ಬೇಕು ಅಂತಾರೆ. ಬಿಡಿಸಲೇಬೇಕಾ?

ತಲೆಗೆ ಎಣ್ಣೆ ಹಚ್ಚಿಕೊಂಡ ಮಾತ್ರಕ್ಕೆ ಬೆಂಕಿ ಬೀಳುವುದಿಲ್ಲ. ಬೆಂಕಿಗೆ ಕಿಡಿಯೂ ಬೇಕು. ಆದರೂ ಟ್ಯೂಬ್, ಮಾಸ್ಕ್ ತಾಗುವ ಜಾಗದಲ್ಲಿ ಜಿಡ್ಡು ಇರಬಾರದು. ಎಣ್ಣೆ ಹಚ್ಚಿ ತಲೆಗೆ ಸ್ನಾನ ಆದ ಮೇಲೆ ಟ್ಯೂಬ್ ಹಾಕುವುದು ಒಂದು ದಾರಿ. ವಿಕ್ಸ್, ಅಮೃತಾಂಜನದ ಬುಡ ವ್ಯಾಸಲಿನ್ನಿನಂಥ ಜಿಡ್ಡೇ, ಹಾಗಾಗಿ ಮೂಗಿನ ಹತ್ತಿರ ಖಂಡಿತ ಬೇಡ. ಇದಕ್ಕಿಂತ ಮುಖ್ಯವಾದದ್ದು ಕಿಡಿಯನ್ನು ದೂರ ಇಡುವುದು. ದೇವರ ದೀಪ, ಊದಿನಕಡ್ಡಿ, ಕರ್ಪೂರ, ಒಲೆ, ಬೀಡಿ ಇವೆಲ್ಲ ಆಕ್ಸಿಜನ್ ಇರುವ ಕೋಣೆಯಿಂದ ಹೊರಗಿರಲಿ. ಅಜ್ಜಿಗೆ ಪೂಜೆ ಬೇಕೇ ಬೇಕು ಅಂದರೆ ದೀಪ ಬೇರೆ ಕೋಣೆಯಲ್ಲಿ ಉರಿಯಲಿ, ಹಚ್ಚುವವರು ಬೇರೆಯವರಾಗಲಿ. ಬಟ್ಟೆ, ಹೊದಿಕೆಯಲ್ಲಿ ಆಕ್ಸಿಜನ್ ನಿಂತಿರುತ್ತದೆ. ಟ್ಯೂಬ್ ತೆಗೆದ ತಕ್ಷಣ ಒಲೆ ಮುಂದೆ ಹೋಗದೆ ಕಾಲು ಗಂಟೆಯಾದರೂ ಗಾಳಿಯಾಡುವ ಕಡೆ ಇರಬೇಕು.

ಹ್ಯುಮಿಡಿಫೈಯರ್ ಬಾಟಲಿ ಮುಚ್ಚಳ ತಿರುಗಿಸೋಕೇ ಆಗ್ತಿಲ್ಲ, ಕಿರ್ ಅನ್ನುತ್ತೆ.

ಅಲ್ಲಿ ಕಟ್ಟಿರುವುದು ಸಾಮಾನ್ಯವಾಗಿ ನೀರಿನ ಉಪ್ಪು. ಮೊದಲು ಹರಿವು ನಿಲ್ಲಿಸಿ, ಬಾಟಲಿ ಬಿಚ್ಚಿ, ಉಗುರುಬೆಚ್ಚಗಿನ ನೀರು ಮತ್ತು ವಿನೆಗರ್ ಮಿಶ್ರಣದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ. ನಲ್ಲಿ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಹಾಕಿದರೆ ಈ ತೊಂದರೆ ಮತ್ತೆ ಬರುವುದು ಅಪರೂಪ.

ಸ್ಯಾನಿಟೈಸರ್ ಹಾಕ್ಕೊಂಡು ಸಿಲಿಂಡರ್ ಮುಟ್ಟಬಹುದಾ?

ಪೂರ್ತಿ ಆರಿದ ಮೇಲೆ ಮುಟ್ಟಬಹುದು. ಒದ್ದೆ ಇರುವಾಗ ಅದರ ಆಲ್ಕೋಹಾಲ್ ಉರಿಯುತ್ತದೆ. ಸಾಬೂನಿನಲ್ಲಿ ತೊಳೆದು ಒರೆಸಿಕೊಂಡ ಕೈಯಷ್ಟು ಒಳ್ಳೆಯದು ಯಾವುದೂ ಇಲ್ಲ. ಹ್ಯಾಂಡ್ ಕ್ರೀಮ್ ಹಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಅದು ಸಿಲಿಂಡರ್ ಕೆಲಸ ಮುಗಿದ ಮೇಲೆ.

ಸಿಲಿಂಡರ್ ಟ್ರಾಲಿಯ ಚಕ್ರಕ್ಕಾದ್ರೂ ಗ್ರೀಸ್ ಹಾಕಬಹುದಾ?

ಹಾಕಬಹುದು. ಚಕ್ರದೊಳಗೆ ಆಕ್ಸಿಜನ್ ಹರಿಯುವುದಿಲ್ಲ. ಆದರೆ ಸಿಲಿಂಡರ್ ಇಳಿಸಿ, ಟ್ರಾಲಿಯನ್ನು ಹೊರಗೆ ಒಯ್ದು ಆ ಕೆಲಸ ಮಾಡಿ. ಹೆಚ್ಚಾದದ್ದನ್ನು ಒರೆಸಿ. ಕೈಯನ್ನು ಸಾಬೂನಿನಲ್ಲಿ ತೊಳೆದ ಮೇಲೆಯೇ ಸಿಲಿಂಡರ್ ಹತ್ತಿರ ಬನ್ನಿ. ಆ ಗ್ರೀಸ್ ಡಬ್ಬಿ, ಆ ಬಟ್ಟೆ, ಆ ಸ್ಪ್ಯಾನರ್ ಯಾವುದೂ ಆಕ್ಸಿಜನ್ ಪೆಟ್ಟಿಗೆಗೆ ಸೇರಬಾರದು.

## ಗ್ರೀಸ್ ಆರಿಸುವಾಗ

ಅಂಗಡಿಯಲ್ಲಿ ಏನಂತ ಕೇಳಿ ತರಬೇಕು?

"ಪಿಎಫ್‌ಪಿಇ ಗ್ರೀಸ್, ಪಿಟಿಎಫ್‌ಇ ಬೆರೆಸಿದ್ದು, ಆಕ್ಸಿಜನ್ ಸರ್ವಿಸ್‌ಗೆ" ಎಂದು ಕೇಳಿ. ಪೂರ್ತಿ ಹೆಸರು ಪರ್‌ಫ್ಲೋರೋಪಾಲಿಈಥರ್. ಸಾಮಾನ್ಯ ಎಣ್ಣೆಯಲ್ಲಿ ಜಲಜನಕ ಇರುವ ಜಾಗದಲ್ಲೆಲ್ಲ ಇದರಲ್ಲಿ ಫ್ಲೋರಿನ್ ಕೂತಿದೆ. ಆ ಬಂಧ ಎಷ್ಟು ಗಟ್ಟಿ ಎಂದರೆ ಆಕ್ಸಿಜನ್ನಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಗಟ್ಟಿಯಾಗಿಸಲು ಬೆರೆಸುವ ಪಿಟಿಎಫ್‌ಇ ಅಂದರೆ ಟೆಫ್ಲಾನ್ ಪುಡಿಯೂ ಅದೇ ಗುಣದ್ದು.

ಬಳಕೆಯಲ್ಲಿರುವ ಹೆಸರುಗಳು ಕ್ರೈಟಾಕ್ಸ್, ಫೊಂಬ್ಲಿನ್, ಕ್ರಿಸ್ಟೋ-ಲೂಬ್, ಟ್ರೈಬೊಲೂಬ್. ಕ್ಲೂಬರ್ ಕಂಪನಿಯೂ ಆಕ್ಸಿಜನ್ನಿಗೆಂದೇ ಗ್ರೀಸ್ ಮಾಡುತ್ತದೆ. ಆದರೆ ಬ್ರ್ಯಾಂಡ್ ಹೆಸರೊಂದೇ ಸಾಲದು. ಒಂದೇ ಬ್ರ್ಯಾಂಡಿನಲ್ಲಿ ಹತ್ತಾರು ನಂಬರುಗಳಿರುತ್ತವೆ. ಕೆಲವಕ್ಕೆ ತುಕ್ಕು ತಡೆಯುವ ವಸ್ತು ಬೆರೆಸಿರುತ್ತಾರೆ, ಕೆಲವು ಬರೀ ಬೇರಿಂಗಿಗೆ ಅಂತ ಮಾಡಿದವು. ನಿಮ್ಮ ಉಪಕರಣದ ಸರ್ವಿಸ್ ಮ್ಯಾನುಯಲ್ ಯಾವ ನಂಬರ್ ಹೇಳುತ್ತದೋ ಅದನ್ನೇ ತನ್ನಿ. ಅಂಗಡಿಯವರು "ಅದೇ ಥರದ್ದು ಸಾರ್" ಅಂದರೆ ಒಪ್ಪಿಕೊಳ್ಳಬೇಡಿ.

ಸಿಲಿಕೋನ್ ಗ್ರೀಸ್ ಮೆಡಿಕಲ್ ಗ್ರೇಡ್ ಅಂತಲೇ ಬರೆದಿದೆ. ಅದು ಆಗಲ್ವಾ?

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಮೆಡಿಕಲ್ ಗ್ರೇಡ್ ಅಂದರೆ ಮೈಗೆ ತಾಗಿದರೆ ತೊಂದರೆ ಇಲ್ಲ ಎಂದು. ಒತ್ತಡದ ಆಕ್ಸಿಜನ್ನಿನಲ್ಲಿ ಉರಿಯುವುದಿಲ್ಲ ಎಂದಲ್ಲ. ಸಿಲಿಕೋನಿನಲ್ಲೂ ಇಂಗಾಲ, ಜಲಜನಕದ ಗುಂಪುಗಳಿವೆ, ಹತ್ತಿಕೊಳ್ಳುತ್ತದೆ. ಇನ್ನೊಂದು ತೊಂದರೆಯೂ ಇದೆ. ಸಿಲಿಕೋನ್ ಎಣ್ಣೆ ಸಿಲಿಕೋನ್ ರಬ್ಬರನ್ನೇ ಉಬ್ಬಿಸುತ್ತದೆ, ಓ-ರಿಂಗ್ ಅಳತೆ ಕೆಡುತ್ತದೆ.

ಕಡಿಮೆ ಒತ್ತಡದ ಕೆಲವು ಭಾಗಕ್ಕೆ ಕಂಪನಿಯ ಮ್ಯಾನುಯಲ್ಲೇ ಸಿಲಿಕೋನ್ ಹೇಳಿದ್ದರೆ ಆ ಭಾಗಕ್ಕೆ ಮಾತ್ರ ಬಳಸಿ. ನನ್ನ ಸಲಹೆ ಕೇಳಿದರೆ, ಒಂದೇ ಬೆಂಚಿನ ಮೇಲೆ ಎರಡೂ ಟ್ಯೂಬ್ ಇಡಲೇಬೇಡಿ. ಎರಡೂ ಬಿಳಿ, ಎರಡೂ ನುಣುಪು. ಅವಸರದಲ್ಲಿ ಕೈ ಯಾವುದಕ್ಕೆ ಹೋಗುತ್ತದೆ ಗೊತ್ತಾಗುವುದಿಲ್ಲ.

ಫುಡ್ ಗ್ರೇಡ್ ಅಂದ್ರೆ ಇನ್ನೂ ಸುರಕ್ಷಿತ ಅಲ್ವಾ?

ತಿನ್ನುವ ಪದಾರ್ಥಕ್ಕೆ ಸ್ವಲ್ಪ ತಾಗಿದರೂ ಅಪಾಯವಿಲ್ಲ ಎಂಬುದಷ್ಟೇ ಅದರ ಅರ್ಥ. ಫುಡ್ ಗ್ರೇಡ್ ಗ್ರೀಸ್‌ಗಳಲ್ಲಿ ಖನಿಜ ತೈಲದವೂ ಇವೆ. ಕೊಬ್ಬರಿ ಎಣ್ಣೆಯನ್ನೂ ತಿನ್ನುತ್ತೇವೆ, ಆಕ್ಸಿಜನ್ ವಾಲ್ವಿಗೆ ಅದು ಆಗುತ್ತದೆಯೇ?

ಇಷ್ಟು ಚಿಕ್ಕ ಟ್ಯೂಬಿಗೆ ಸಾವಿರಾರು ರೂಪಾಯಿ! ಅಗ್ಗದ್ದು ಏನಾದ್ರೂ ಇದೆಯಾ?

ಇಲ್ಲ. ಬೆಲೆ ಜಾಸ್ತಿ ಎನ್ನುವುದು ನಿಜ, ಸಣ್ಣ ಆಸ್ಪತ್ರೆಗಳಿಗೆ ಕಷ್ಟ ಎನ್ನುವುದೂ ನಿಜ. ಆದರೆ ಒಂದು ಓ-ರಿಂಗಿಗೆ ಬೇಕಾಗುವುದು ಸಾಸಿವೆ ಕಾಳಿನಷ್ಟೂ ಇಲ್ಲ. ಚಿಕ್ಕ ಟ್ಯೂಬ್ ಒಂದು ಬಹಳ ಕಾಲ ಬರುತ್ತದೆ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ, ಬ್ಯಾಚ್ ನಂಬರ್ ಇಲ್ಲದ, ಡಬ್ಬಿಯಿಂದ ತೆಗೆದು ಸಿರಿಂಜಿಗೆ ತುಂಬಿ ಮಾರುವ ಗ್ರೀಸನ್ನು ನಾನಂತೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತುಂಬಿದ ಆ ಸಿರಿಂಜಿನಲ್ಲಿ ಮೊದಲು ಏನಿತ್ತೋ ಯಾರಿಗೆ ಗೊತ್ತು? ಟ್ಯೂಬ್ ಖರೀದಿಗೆ ಮೇಲಿನವರ ಒಪ್ಪಿಗೆ ಬೇಕಿದ್ದರೆ ಒಂದು ರೆಗ್ಯುಲೇಟರಿನ ಬೆಲೆಯನ್ನು ಪಕ್ಕದಲ್ಲಿ ಬರೆದು ಕಳಿಸಿ.

ಡೇಟಾ ಶೀಟಿನಲ್ಲಿ ಯಾವ ಸಾಲು ಓದಬೇಕು?

ಮೂರು ವಿಷಯ ಹುಡುಕಿ. ಒಂದು, ಆಕ್ಸಿಜನ್ ಜೊತೆ ಬಳಕೆಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. "ರಾಸಾಯನಿಕವಾಗಿ ಜಡ" ಎಂಬಂಥ ಹೊಗಳಿಕೆ ಸಾಲದು. ಎರಡು, ಎಷ್ಟು ಒತ್ತಡದವರೆಗೆ, ಎಷ್ಟು ಶಾಖದವರೆಗೆ ಎಂಬ ಅಂಕಿ. ಜರ್ಮನಿಯ ಬರ್ಲಿನ್ನಿನಲ್ಲಿರುವ ಬಿಎಎಂ ಎಂಬ ಸರ್ಕಾರಿ ಸಂಸ್ಥೆ ಗ್ರೀಸ್‌ಗಳನ್ನು ಒತ್ತಡದ ಆಕ್ಸಿಜನ್ನಿನಲ್ಲಿ ಪರೀಕ್ಷಿಸಿ ಇಂಥ ಮಿತಿ ಹೇಳುತ್ತದೆ. ಒಳ್ಳೆಯ ಕಂಪನಿಗಳು ಆ ಫಲಿತಾಂಶವನ್ನು ಡೇಟಾ ಶೀಟಿನಲ್ಲೇ ಕೊಡುತ್ತವೆ. ಮೂರು, ಆ ಅಂಕಿ ನಿಮ್ಮ ಕೆಲಸಕ್ಕೆ ಸಾಕೇ ಎಂಬುದು. ಗೋಡೆಯ ಔಟ್‌ಲೆಟ್ಟಿನಲ್ಲಿ ಇರುವುದು ಸುಮಾರು 4 ಬಾರ್. ಸಿಲಿಂಡರ್ ಕಡೆ 150. ಗೋಡೆಗೆ ಸಾಕಾದ ಗ್ರೀಸ್ ಸಿಲಿಂಡರ್ ಕಡೆಗೆ ಸಾಕು ಅಂತ ಅಂದುಕೊಳ್ಳಬಾರದು.

ಹಳೆಯ ಮ್ಯಾನುಯಲ್‌ಗಳಲ್ಲಿ ಎಂಐಎಲ್-ಪಿಆರ್‌ಎಫ್-27617 ಎಂಬ ಅಮೆರಿಕದ ಸೇನೆಯ ನಂಬರ್ ಕಂಡರೆ ಗಾಬರಿ ಬೇಡ. ಅದೂ ಇದೇ ಜಾತಿಯ ಗ್ರೀಸಿಗೆ ಇರುವ ಗುಣಮಟ್ಟ. ಉಸಿರಾಟದ ಉಪಕರಣಕ್ಕೂ ಆಕ್ಸಿಜನ್ನಿಗೂ ಹೊಂದಾಣಿಕೆ ಹೇಗಿರಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15001.

ಪೆನ್ಸಿಲ್ ಪುಡಿ, ಗ್ರಾಫೈಟ್ ಒಣ ಪುಡಿ ತಾನೇ? ಅದರಲ್ಲಿ ಎಣ್ಣೆ ಇಲ್ವಲ್ಲ.

ಗ್ರಾಫೈಟ್ ಪೂರ್ತಿ ಇಂಗಾಲ, ಉರಿಯುತ್ತದೆ. ಪುಡಿ ಬೇರೆ, ಹರಿವಿನ ಜೊತೆ ಹಾರಿಹೋಗಿ ಸೀಟಿನ ಮೇಲೆ ಕೂರುತ್ತದೆ. ಬೇಡ.

ಲೀಕ್ ನಿಲ್ಲಿಸೋಕೆ ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತಬಹುದಾ?

ಎರಡು ಮಾತು. ಸಿಲಿಂಡರಿಗೂ ರೆಗ್ಯುಲೇಟರಿಗೂ ಸೇರುವ ಜಾಗದಲ್ಲಿ ಯಾವ ಟೇಪೂ ಬೇಡ. ಅಲ್ಲಿ ಅನಿಲ ತಡೆಯುವುದು ಥ್ರೆಡ್ ಅಲ್ಲ, ತುದಿಯಲ್ಲಿರುವ ಓ-ರಿಂಗ್ ಅಥವಾ ವಾಷರ್. ಟೇಪಿನ ಚೂರು ಒಳಗೆ ಹೋದರೆ ಹೊಸ ತೊಂದರೆ. ಓರೆ ಥ್ರೆಡ್ ಇರುವ ಪೈಪ್ ಫಿಟ್ಟಿಂಗಿಗೆ ಟೇಪ್ ಬೇಕಾಗುತ್ತದೆ. ಅಲ್ಲಿಗೆ ಆಕ್ಸಿಜನ್ನಿಗೆಂದೇ ಶುದ್ಧ ಮಾಡಿದ ಟೇಪ್ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಟೇಪಿನಲ್ಲಿ ತಯಾರಿಯ ಎಣ್ಣೆ ಉಳಿದಿರಬಹುದು. ಸುತ್ತುವಾಗ ಮೊದಲ ಒಂದೆರಡು ಥ್ರೆಡ್ ಬಿಟ್ಟು ಸುತ್ತಿ.

## ಬಿಚ್ಚಿ ಜೋಡಿಸುವವರಿಗೆ

ಎಷ್ಟು ಹಚ್ಚಬೇಕು? ಎಲ್ಲಿ ಹಚ್ಚಬೇಕು?

ಪುಡಿ ಇಲ್ಲದ ಹೊಸ ನೈಟ್ರೈಲ್ ಗ್ಲೌಸ್ ಹಾಕಿ. ಸಾಸಿವೆಗಿಂತ ಚಿಕ್ಕ ಚುಕ್ಕೆ ಗ್ರೀಸನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ಹರಡಿ. ಆಮೇಲೆ ಓ-ರಿಂಗನ್ನು ಆ ಎರಡು ಬೆರಳ ಮಧ್ಯೆ ನಿಧಾನಕ್ಕೆ ಒಂದು ಸುತ್ತು ಎಳೆಯಿರಿ. ಬೆಳಕಿಗೆ ಹಿಡಿದರೆ ರಬ್ಬರ್ ಮೇಲೆ ಒದ್ದೆಯ ಹೊಳಪು ಕಾಣಬೇಕು, ಬಿಳಿ ಬಣ್ಣ ಕಾಣಬಾರದು. ಬಿಳಿ ಕಂಡರೆ ಜಾಸ್ತಿ ಆಯಿತು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಓ-ರಿಂಗ್ ಕೂರುವ ತೋಡಿಗೆ ಬೇರೆಯಾಗಿ ತುಂಬಬೇಡಿ. ವಾಲ್ವ್ ಸೀಟಿನ ಮುಖ, ಫಿಲ್ಟರ್, ಅನಿಲ ಹರಿಯುವ ರಂಧ್ರ, ಸಿಲಿಂಡರ್ ಕಡೆಯ ವಾಷರ್ ಇವುಗಳಿಗೆ ಹಚ್ಚುವುದೇ ಇಲ್ಲ.

ಒಳ್ಳೆಯ ಗ್ರೀಸ್ ಆದರೂ ಯಾಕಿಷ್ಟು ಜಿಪುಣತನ ಎಂದು ಕೇಳುತ್ತಾರೆ. ಹೆಚ್ಚಾದ ಗ್ರೀಸ್ ಲೋಹದ ಪುಡಿ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವೇಗದ ಹರಿವಿನಲ್ಲಿ ಆ ಪುಡಿ ಹಾರಿ ಹೋಗಿ ಬಡಿದರೆ ಅದೇ ಕಿಡಿ.

ಹಳೆ ಗ್ರೀಸ್ ಮೇಲೇ ಹೊಸದು ಹಚ್ಚಬಹುದಾ?

ಒಳಗೆ ಇರುವುದು ಏನೆಂದು ನಿಮಗೆ ಖಚಿತವಾಗಿ ಗೊತ್ತಿಲ್ಲ, ಅಲ್ವಾ? ಹಾಗಾಗಿ ಬೇಡ. ದುಬಾರಿ ಗ್ರೀಸ್‌ನ ಕೆಳಗೆ ಸಾಮಾನ್ಯ ಗ್ರೀಸ್ ಕೂತಿದ್ದರೆ ಉರಿಯುವುದು ಅದು. ಪೂರ್ತಿ ತೆಗೆದು ಹೊಸದಾಗಿ ಹಚ್ಚಬೇಕು.

ತೆಗೆಯುವಾಗ ಒಂದು ತೊಡಕು ಬರುತ್ತದೆ. ಪಿಎಫ್‌ಪಿಇ ಗ್ರೀಸ್ ಸ್ಪಿರಿಟ್, ಸೀಮೆಎಣ್ಣೆ, ಸಾಬೂನು ಯಾವುದರಲ್ಲೂ ಕರಗುವುದಿಲ್ಲ. ಅದಕ್ಕೆ ಫ್ಲೋರಿನ್ ಇರುವ ವಿಶೇಷ ದ್ರಾವಕವೇ ಬೇಕು. ಸಾಮಾನ್ಯ ಎಣ್ಣೆ ಜಿಡ್ಡಾದರೆ ಬಿಸಿ ನೀರು ಮತ್ತು ಆಕ್ಸಿಜನ್ ಕೆಲಸಕ್ಕೆ ಒಪ್ಪಿದ ಡಿಟರ್ಜೆಂಟ್‌ನಲ್ಲಿ ಹೋಗುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಜಾಲಾಡಿಸಿ, ಪೂರ್ತಿ ಒಣಗಿಸಬೇಕು. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಹಳೆ ಗ್ಯಾರೇಜ್ ಪದ್ಧತಿ ಇಲ್ಲಿ ಕಾಲಿಡಲೇಬಾರದು. ಹಿಂದೆ ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಜಿಡ್ಡನ್ನೇನೋ ತೆಗೆಯುತ್ತದೆ, ಜೊತೆಗೆ ತೊಳೆಯುವವರ ಲಿವರನ್ನೂ ಕೆಡಿಸುತ್ತದೆ.

ತೊಳೆದ ಮೇಲೆ ಕಂಪ್ರೆಸರ್ ಗಾಳಿ ಊದಿ ಒಣಗಿಸ್ತೀವಿ. ಸರೀನಾ?

ವರ್ಕ್‌ಶಾಪಿನ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯ ಮಂಜು ಇರುತ್ತದೆ. ತೊಳೆದ ಭಾಗಕ್ಕೆ ಮತ್ತೆ ಎಣ್ಣೆ ಬಳಿದ ಹಾಗಾಯಿತು. ಸಿಲಿಂಡರಿನ ಶುದ್ಧ ಒಣ ಸಾರಜನಕ ಬಳಸಿ, ಕೋಣೆಯ ಕಿಟಕಿ ತೆರೆದಿಡಿ. ಬಾಯಿಂದ ಊದುವುದೂ ಬೇಡ, ಎಂಜಲಿನ ತೇವ ಹೋಗುತ್ತದೆ. ಒಣಗಿದ ಭಾಗವನ್ನು ತಕ್ಷಣ ಶುದ್ಧ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ದಿನಾಂಕ ಬರೆಯಿರಿ.

ಜಿಡ್ಡು ಪೂರ್ತಿ ಹೋಗಿದೆ ಅಂತ ಹೇಗೆ ತಿಳಿಯೋದು?

ಮೊದಲು ಒಳ್ಳೆಯ ಬಿಳಿ ಬೆಳಕಿನಲ್ಲಿ ನೋಡಿ. ಬಿಳಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ನೋಡಿ. ಕಲೆ ಬಂದರೆ ಮತ್ತೆ ತೊಳೆಯಬೇಕು. ಆಮೇಲೆ ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಾಕಿ. ಬಹಳಷ್ಟು ಖನಿಜ ತೈಲಗಳು ನೀಲಿ ಬಿಳುಪಾಗಿ ಹೊಳೆಯುತ್ತವೆ. ಎಲ್ಲ ಎಣ್ಣೆಯೂ ಹೊಳೆಯುವುದಿಲ್ಲ, ಹಾಗಾಗಿ ಹೊಳಪು ಇಲ್ಲದ ಮಾತ್ರಕ್ಕೆ ಪಾಸ್ ಮಾಡಬೇಡಿ. ಬಿಡಿ ಲೋಹದ ಭಾಗದ ಮೇಲೆ ಶುದ್ಧ ನೀರು ಹರಿಸಿ ನೋಡುವುದು ಇನ್ನೊಂದು ಪರೀಕ್ಷೆ. ನೀರು ಒಂದೇ ತೆಳು ಪದರವಾಗಿ ನಿಂತರೆ ಸರಿ, ಹನಿಹನಿಯಾಗಿ ಒಡೆದರೆ ಜಿಡ್ಡು ಇದೆ.

ಗ್ರೀಸ್ ಹೆಸರಿನ ಬಗ್ಗೆ ನೂರು ಜನ ಕೇಳಿದರೆ, ಸ್ವಚ್ಛತೆಯ ಬಗ್ಗೆ ಕೇಳುವವರು ಬೆರಳೆಣಿಕೆ. ನನಗೆ ಇದು ಉಲ್ಟಾ ಆಗಬೇಕು ಅನಿಸುತ್ತದೆ. ಗ್ರೀಸ್ ಇಲ್ಲದೆ ಜೋಡಿಸಿದ ಶುದ್ಧ ರೆಗ್ಯುಲೇಟರ್ ಹೆಚ್ಚೆಂದರೆ ಸ್ವಲ್ಪ ಬಿಗಿಯಾದೀತು, ಬೇಗ ಸವೆದೀತು. ಸರಿಯಾದ ಗ್ರೀಸ್ ಹಚ್ಚಿದ ಕೊಳಕು ರೆಗ್ಯುಲೇಟರ್ ಹೊತ್ತಿಕೊಳ್ಳಬಹುದು.

ರೆಗ್ಯುಲೇಟರ್ ಬಾಯಲ್ಲಿ ಕಪ್ಪು ಕಾಣ್ತಿದೆ. ಒರೆಸಿ ಬಳಸಬಹುದಾ?

ನಿಲ್ಲಿ, ಒರೆಸಬೇಡಿ. ಸಿಲಿಂಡರಿಗೆ ಸೇರುವ ನಳಿಗೆಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲೊಂದು ಕಂಚಿನ ಹರಳುಹರಳಾದ ಫಿಲ್ಟರ್ ಇರುತ್ತದೆ. ಅದು ಒಂದೇ ಸಮನಾದ ಕಂದು ಹಳದಿ ಬಣ್ಣದಲ್ಲಿದ್ದರೆ ಸರಿ. ಮಧ್ಯದಲ್ಲಿ ಮಸಿ, ಕರಗಿ ನುಣುಪಾದ ಮಚ್ಚೆ, ಸುಟ್ಟ ವಾಸನೆ ಇದ್ದರೆ ಒಳಗೆ ಒಮ್ಮೆ ಪುಟ್ಟದಾಗಿ ಹೊತ್ತಿ ಆರಿದೆ ಎಂದೇ ತಿಳಿಯಿರಿ. ಎಣ್ಣೆಯ ಒದ್ದೆ ಹೊಳಪು ಇದ್ದರೆ ಇನ್ನೂ ಹೊತ್ತಿಲ್ಲ, ಅಷ್ಟೇ. ಎರಡೂ ಸಂದರ್ಭದಲ್ಲಿ ರೆಗ್ಯುಲೇಟರನ್ನು ಬಳಕೆಯಿಂದ ತೆಗೆದು ಚೀಟಿ ಕಟ್ಟಿ. ಅದು ಸೇರಿದ್ದ ಸಿಲಿಂಡರಿನ ವಾಲ್ವನ್ನೂ ಹಾಗೇ ಬೇರೆ ಇಡಿ, ಜಿಡ್ಡು ಬಂದದ್ದು ಅಲ್ಲಿಂದಲೂ ಇರಬಹುದು.

ಆಂಬುಲೆನ್ಸಿನ ಚಿಕ್ಕ ಸಿಲಿಂಡರಿನ ವಾಷರ್ ಲೀಕ್ ಆಗ್ತಿದೆ. ಸ್ವಲ್ಪ ಗ್ರೀಸ್ ಹಚ್ಚಿ ಬಿಗಿ ಮಾಡಿದ್ರೆ?

ವಾಷರ್ ಬದಲಿಸಿ, ಗ್ರೀಸ್ ಬೇಡ. ಪಿನ್ ಇಂಡೆಕ್ಸ್ (ಬೇರೆ ಅನಿಲದ ಉಪಕರಣ ಸೇರದಂತೆ ತಡೆಯುವ ಪಿನ್ ವ್ಯವಸ್ಥೆ) ಇರುವ ಚಿಕ್ಕ ಸಿಲಿಂಡರುಗಳಲ್ಲಿ ಲೋಹದ ಉಂಗುರದೊಳಗೆ ರಬ್ಬರ್ ಇರುವ ವಾಷರ್ ಬರುತ್ತದೆ. ಅದನ್ನು ಮತ್ತೆ ಮತ್ತೆ ಬಳಸಬಹುದು, ಬಿರುಕು ಬಿಟ್ಟರೆ ಎಸೆಯಬೇಕು. ನೈಲಾನ್ ವಾಷರ್ ಆದರೆ ಒಂದೇ ಸಲ. ಒಮ್ಮೆ ಅದುಮಿದ ನೈಲಾನನ್ನು ಮತ್ತೆ ಹಾಕಿ, ಲೀಕ್ ನಿಲ್ಲಿಸಲು ಇನ್ನಷ್ಟು ಬಿಗಿ ಮಾಡುವ ಅಭ್ಯಾಸದಿಂದ ರೆಗ್ಯುಲೇಟರ್‌ಗಳಿಗೆ ಬೆಂಕಿ ಬಿದ್ದಿದೆ. ಎಫ್‌ಡಿಎ 2006ರಲ್ಲಿ ಎಚ್ಚರಿಸಿದ್ದು ಇದನ್ನೇ. ಲೀಕ್ ಆಗುವ ಅನಿಲ ನೈಲಾನನ್ನು ಕಾಯಿಸುತ್ತದೆ, ನೈಲಾನ್ ಉರಿಯುತ್ತದೆ. ಹೊಸ ವಾಷರುಗಳನ್ನು ಮುಚ್ಚಿದ ಚೀಲದಲ್ಲಿಡಿ. ಡ್ರೈವರ್ ಸೀಟಿನ ಮುಂದಿನ ಡಬ್ಬಿಯಲ್ಲಿ ಬೋಲ್ಟುಗಳ ಜೊತೆ ಬೇಡ.

ಲೀಕ್ ನೋಡೋಕೆ ಪಾತ್ರೆ ಸೋಪಿನ ನೀರು ಸಾಕಲ್ವಾ?

ಪಾತ್ರೆ ಸೋಪಿನಲ್ಲಿ ಜಿಡ್ಡಿನ ಅಂಶ, ಸುವಾಸನೆ ಎಲ್ಲ ಇರುತ್ತದೆ. ಆರಿದ ಮೇಲೆ ಪದರ ಉಳಿಯುತ್ತದೆ. ಆಕ್ಸಿಜನ್ನಿಗೆ ಎಂದೇ ಬರುವ ಲೀಕ್ ಪತ್ತೆ ದ್ರವ ಬಳಸಿ, ನೋಡಿ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಜೋಡಿಸುವ ಮೊದಲು ಹಾಕಬೇಡಿ, ಬಿಗಿ ಮಾಡಿದ ಕೀಲಿನ ಹೊರಗಡೆ ಮಾತ್ರ ಹಾಕಿ.

ಪಿಎಫ್‌ಪಿಇ ಗ್ರೀಸ್‌ನಿಂದ ನಮಗೇನಾದ್ರೂ ಅಪಾಯ ಇದೆಯಾ?

ಮುಟ್ಟಿದರೆ ಇಲ್ಲ. ಸುಟ್ಟರೆ ಇದೆ. 300 ಡಿಗ್ರಿ ಆಚೆ ಅದು ಒಡೆದು ವಿಷದ ಹೊಗೆ ಬರುತ್ತದೆ. ಗ್ರೀಸ್ ಅಂಟಿದ ಬೆರಳಲ್ಲಿ ಸಿಗರೇಟ್ ಹಿಡಿದು ಸೇದಿದರೆ ಆ ಹೊಗೆ ನೇರ ಎದೆಗೆ ಹೋಗುತ್ತದೆ, ಜ್ವರ ಚಳಿ ಬರುತ್ತದೆ. ಕೆಲಸ ಮುಗಿದ ಮೇಲೆ ಗ್ಲೌಸ್ ತೆಗೆದು ಕೈ ತೊಳೆಯಿರಿ. ಗ್ರೀಸ್ ಅಂಟಿದ ಬಟ್ಟೆಯನ್ನು ಸುಡಬೇಡಿ.

## ಪ್ಲಾಂಟ್ ನೋಡಿಕೊಳ್ಳುವವರಿಗೆ

ನಮ್ಮ ತಾಲ್ಲೂಕು ಆಸ್ಪತ್ರೆ ಪಿಎಸ್‌ಎ ಪ್ಲಾಂಟಿನ ಕಂಪ್ರೆಸರಿಗೆ ಎಣ್ಣೆ ಹಾಕ್ತಾರಲ್ಲ. ಅದು ತಪ್ಪಲ್ವಾ?

ತಪ್ಪಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಚಾಮರಾಜನಗರದ ಆಕ್ಸಿಜನ್ ಕೊರತೆಯ ಸಂಕಟವನ್ನು ರಾಜ್ಯವೆಲ್ಲ ಕಂಡಿತು. ಆ ವರ್ಷ ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಿಗೆ ಗಾಳಿಯಿಂದಲೇ ಆಕ್ಸಿಜನ್ ಬೇರೆ ಮಾಡುವ ಪಿಎಸ್‌ಎ ಪ್ಲಾಂಟುಗಳು ಬಂದವು. ಈ ಪ್ರಶ್ನೆಯೂ ಅಲ್ಲಿಂದಲೇ ಜಾಸ್ತಿ ಬರತೊಡಗಿತು. ಪ್ಲಾಂಟಿನ ಮುಂಭಾಗದ ಸ್ಕ್ರೂ ಕಂಪ್ರೆಸರ್ ಒತ್ತುವುದು ಬರೀ ಗಾಳಿಯನ್ನು. ಅಲ್ಲಿ ಆಕ್ಸಿಜನ್ ಇನ್ನೂ 21 ಭಾಗವೇ. ಹಾಗಾಗಿ ಎಣ್ಣೆ ತುಂಬಿದ ಕಂಪ್ರೆಸರ್ ನಡೆಯುತ್ತದೆ, ಕಂಪನಿ ಹೇಳಿದ ಕಂಪ್ರೆಸರ್ ಎಣ್ಣೆಯನ್ನೇ ಹಾಕಬೇಕು.

ಗಡಿ ಇರುವುದು ಜಿಯೋಲೈಟ್ ಟ್ಯಾಂಕಿನಲ್ಲಿ. ಅದರಾಚೆ 93 ಭಾಗದ ಆಸುಪಾಸಿನ ಆಕ್ಸಿಜನ್. ಆ ಕಡೆಯ ವಾಲ್ವ್, ಟ್ಯಾಂಕ್, ಪೈಪಿಗೆ ಮೇಲೆ ಹೇಳಿದ ಎಲ್ಲ ಕಟ್ಟುಪಾಡು ಅನ್ವಯ. ಕಂಪ್ರೆಸರಿನ ಎಣ್ಣೆ ಆ ಗಡಿ ದಾಟದ ಹಾಗೆ ಕಾಯುವುದು ನಡುವಿನ ಫಿಲ್ಟರ್‌ಗಳು, ಡ್ರೈಯರ್, ಇದ್ದಿಲಿನ ಟ್ಯಾಂಕ್. ಹೀಗಾಗಿ ಫಿಲ್ಟರ್ ಬದಲಿಸುವ ದಿನವನ್ನು ಮುಂದೂಡಬೇಡಿ. ನೀರು ಬಸಿಯುವ ಡ್ರೇನಿನಲ್ಲಿ ಎಣ್ಣೆ ಏಕಾಏಕಿ ಜಾಸ್ತಿ ಕಂಡರೆ, ಅಥವಾ ಕಂಪ್ರೆಸರಿಗೆ ಪದೇ ಪದೇ ಎಣ್ಣೆ ತುಂಬಿಸಬೇಕಾದರೆ, ಆ ಎಣ್ಣೆ ಎಲ್ಲಿಗೋ ಹೋಗುತ್ತಿದೆ ಎಂದು ಅರ್ಥ. ಅವತ್ತೇ ಹುಡುಕಿ. ಕಂಪ್ರೆಸರಿನ ಎಣ್ಣೆ ಬದಲಿಸಿದ ಕೈಯಲ್ಲೇ ಆಕ್ಸಿಜನ್ ಕಡೆಯ ವಾಲ್ವ್ ಮುಟ್ಟಬೇಡಿ. ಎರಡಕ್ಕೂ ಸ್ಪ್ಯಾನರ್ ಬೇರೆ ಬೇರೆ ಇರಲಿ, ಆಕ್ಸಿಜನ್ ಕಡೆಯದ್ದಕ್ಕೆ ಬಣ್ಣ ಹಚ್ಚಿ ಗುರುತು ಮಾಡಿ.

ಅದೇ ಪ್ಲಾಂಟಿನಲ್ಲಿ ಸಿಲಿಂಡರ್ ತುಂಬೋ ಬೂಸ್ಟರ್ ಇದೆ. ಅದಕ್ಕೂ ಕಂಪ್ರೆಸರ್ ಎಣ್ಣೆ ನಡೆಯುತ್ತಾ?

ಖಂಡಿತ ಇಲ್ಲ. ಅದು ಆಕ್ಸಿಜನ್ನನ್ನೇ 150 ಬಾರಿನವರೆಗೆ ಒತ್ತುತ್ತದೆ. ಇಡೀ ಪ್ಲಾಂಟಿನಲ್ಲಿ ಅತಿ ಎಚ್ಚರ ಬೇಕಾದ ಯಂತ್ರ ಅದು. ಅದರ ಪಿಸ್ಟನ್ ಉಂಗುರಗಳು ಎಣ್ಣೆ ಇಲ್ಲದೆ ಓಡುತ್ತವೆ. ಬೇರಿಂಗಿಗೆ ಯಾವ ಗ್ರೀಸ್, ಎಷ್ಟು ಗಂಟೆಗೊಮ್ಮೆ ಎಂಬುದು ಆ ಕಂಪನಿಯ ಮ್ಯಾನುಯಲ್ಲಿನಲ್ಲಿದೆ. ಅದರ ಸರ್ವಿಸ್ ಅವರ ಎಂಜಿನಿಯರಿಂದಲೇ ಆಗಲಿ. ಆಕ್ಸಿಜನ್ ಜಾಸ್ತಿ ಇರುವ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪಿಗೂ ಖನಿಜ ತೈಲ ಆಗುವುದಿಲ್ಲ, ಪಿಎಫ್‌ಪಿಇ ಎಣ್ಣೆಯೇ ಬೇಕು.

ದ್ರವ ಆಕ್ಸಿಜನ್ ಟ್ಯಾಂಕಿನ ವಾಲ್ವ್ ಹಿಮ ಕಟ್ಟಿ ತಿರುಗ್ತಿಲ್ಲ. ಪಿಎಫ್‌ಪಿಇ ಹಚ್ಚಬಹುದಾ?

ದ್ರವ ಆಕ್ಸಿಜನ್ನಿನ ಶಾಖ ಮೈನಸ್ 183 ಡಿಗ್ರಿ. ಆ ಚಳಿಯಲ್ಲಿ ಯಾವ ಗ್ರೀಸೂ ಕಲ್ಲಾಗುತ್ತದೆ. ಇಲ್ಲಿ ತೊಂದರೆ ಒಣಗಿದ್ದಲ್ಲ, ಮಂಜು. ಬೆಂಕಿ, ಬ್ಲೋ ಲ್ಯಾಂಪ್, ಸುತ್ತಿಗೆ ಯಾವುದೂ ಬೇಡ. ಎಣ್ಣೆ ಇಲ್ಲದ ಉಗುರುಬೆಚ್ಚಗಿನ ಶುದ್ಧ ನೀರು ಸುರಿದು ಹಿಮ ಬಿಡಿಸುವ ಪದ್ಧತಿ ಇದೆ. ಅದನ್ನೂ ಸರಬರಾಜು ಮಾಡುವವರನ್ನು ಕೇಳಿಯೇ ಮಾಡಿ, ಟ್ಯಾಂಕಿನ ವಾಲ್ವ್ ಅವರ ಹೊಣೆ. ಟ್ಯಾಂಕಿನ ಕೆಳಗೆ ಕಾಂಕ್ರೀಟೇ ಇರಬೇಕು, ಡಾಂಬರು ಇರಬಾರದು. ಡಾಂಬರಿನ ಮೇಲೆ ದ್ರವ ಆಕ್ಸಿಜನ್ ಚೆಲ್ಲಿದರೆ, ಅದರ ಮೇಲೆ ಕಾಲಿಟ್ಟರೂ ಸ್ಫೋಟ ಆಗಬಹುದು. ಟ್ಯಾಂಕರ್ ಬಂದು ನಿಲ್ಲುವ ಜಾಗದಲ್ಲಿ ಲಾರಿಯ ಎಣ್ಣೆ ಸೋರಿದ ಕಲೆ ಇದೆಯಾ ಎಂದು ಪ್ರತಿ ಸಲ ನೋಡಿ, ಇದ್ದರೆ ತೊಳೆಸಿದ ಮೇಲೆಯೇ ಹೋಸ್ ಜೋಡಿಸಲು ಬಿಡಿ.

ಹೊರಗಿನವರಿಗೆ ಮೆಂಟೆನೆನ್ಸ್ ಕೊಟ್ಟಿದ್ದೀವಿ. ಕರಾರಿನಲ್ಲಿ ಏನು ಬರೆಸಬೇಕು?

"ಸೂಕ್ತ ಲೂಬ್ರಿಕೆಂಟ್ ಬಳಸಬೇಕು" ಎಂದು ಬರೆದರೆ ಏನೂ ಬರೆದಂತಲ್ಲ. ಗ್ರೀಸಿನ ಹೆಸರು, ನಂಬರ್, ಆಕ್ಸಿಜನ್ ಒತ್ತಡದ ಮಿತಿ ಬರೆಸಿ. ಪ್ರತಿ ಸರ್ವಿಸ್ ವರದಿಯಲ್ಲಿ ಯಾವ ಟ್ಯೂಬ್, ಯಾವ ಬ್ಯಾಚ್, ಯಾವ ಭಾಗಕ್ಕೆ ಎಂದು ನಮೂದಾಗಬೇಕು. ತೊಳೆದದ್ದು ಹೇಗೆ, ನೋಡಿದ್ದು ಹೇಗೆ ಎಂಬುದೂ ಇರಬೇಕು. ಬದಲಿಸಿದ ಓ-ರಿಂಗ್, ವಾಷರ್‌ಗಳನ್ನು ನಿಮಗೆ ಒಪ್ಪಿಸಬೇಕು. ಕೆಲಸಕ್ಕೆ ಬಂದವರ ಪೆಟ್ಟಿಗೆಯನ್ನು ಶುರುವಿನಲ್ಲೇ ತೆರೆಸಿ ನೋಡಿ. ಅದರಲ್ಲಿ ಹಳದಿ ಗ್ರೀಸ್ ಡಬ್ಬಿ, ಎಣ್ಣೆ ಕುಡಿದ ಬಟ್ಟೆ ಕಂಡರೆ ಅವತ್ತು ಕೆಲಸ ಶುರು ಮಾಡಿಸಬೇಡಿ, ಬೇರೆ ಪೆಟ್ಟಿಗೆ ತರಲು ಹೇಳಿ.